ಗದ್ದೆ, ಬಾಣೆ ಮತ್ತು ರಾಜಧಾನಿ

ಮಡಿಕೇರಿಯ ರಾಜಾಸೀಟಿನಲ್ಲಿ ಒಂದು ಸಂಜೆ ನನ್ನ ವಿದ್ಯಾರ್ಥಿಗಳೊಡನೆ ನಿಂತಿದ್ದೆ. ಪಡುವಣ ಕಣಿವೆಯಲ್ಲಿ ಮಂಜು ತುಂಬಿಕೊಳ್ಳುತ್ತಿತ್ತು. “ಇಷ್ಟು ಚಿಕ್ಕ ಊರು ಒಂದು ರಾಜ್ಯದ ರಾಜಧಾನಿಯಾಗಿತ್ತೆ, ಸಾರ್?” ಎಂದು ಅವರಲ್ಲೊಬ್ಬನು ಕೇಳಿದನು. ಆಗಿತ್ತು ಎಂದೆ. ಆ ಒಂದು ಮಾತು ಉತ್ತರಕ್ಕೆ ಸಾಲದೆಂದು ನನಗೇ ತೋರಿತು.

ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ಇಲ್ಲಿ ರಾಜಧಾನಿಯನ್ನು ಕಟ್ಟಿದನು. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆನ್ನುತ್ತಾರೆ. 1834ರಲ್ಲಿ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರ್ಕಾರವು ಕೊಡಗನ್ನು ವಶಪಡಿಸಿಕೊಂಡಿತು. ಮುಂದೆ ಅದು ಚೀಫ್ ಕಮಿಷನರರ ಪ್ರಾಂತ್ಯವಾಯಿತು. 1950ರಲ್ಲಿ ‘ಸಿ’ ದರ್ಜೆಯ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ ಅದಕ್ಕೆ 24 ಸದಸ್ಯರ ವಿಧಾನಸಭೆಯೂ, ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲವೂ ದೊರೆತುವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯವನ್ನು ಸೇರಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದೂ ಅದೇ ವರ್ಷ. ರಾಜಧಾನಿಯು ಜಿಲ್ಲೆಯ ಮುಖ್ಯಪಟ್ಟಣವಾಯಿತು. 2008ರ ಕ್ಷೇತ್ರ ಮರುವಿಂಗಡಣೆಯ ಬಳಿಕ ಬೆಂಗಳೂರಿನ ವಿಧಾನಸಭೆಗೆ ಕೊಡಗು ಆರಿಸಿ ಕಳುಹಿಸುವುದು ಇಬ್ಬರನ್ನು.

ಆದರೆ ಅಧಿಕಾರದ ಗೆರೆಗಳು ಸರಿದಂತೆ ಬೆಟ್ಟದ ಗೆರೆಗಳು ಸರಿಯುವುದಿಲ್ಲ. ಮಡಿಕೇರಿಯ ಸುತ್ತಣ ನೆಲ ನೀರನ್ನು ಎರಡಾಗಿ ಹಂಚುತ್ತದೆ. ಸಂಪಾಜೆಯ ಕಡೆಗೆ ಇಳಿದದ್ದು ಪಯಸ್ವಿನಿಯಾಗಿ ಪಶ್ಚಿಮ ಸಮುದ್ರವನ್ನು ಸೇರಿದರೆ, ಹಾರಂಗಿಯ ಕಡೆಗೆ ಹರಿದದ್ದು ಕಾವೇರಿಯೊಡನೆ ಪೂರ್ವ ಸಮುದ್ರದವರೆಗೆ ಸಾಗುತ್ತದೆ. ಇಲ್ಲಿ ಇಳಿಜಾರಿನ ಲೆಕ್ಕವನ್ನು ಅರಿಯದವನು ನೆಲದ ಲೆಕ್ಕವನ್ನು ಬರೆಯಲಾರನು.

ಹಳೆಯ ಕಂದಾಯದ ಕ್ರಮ ಇದನ್ನು ಅರಿತಿತ್ತು. ಗ್ರಾಮಗಳು ಕೂಡಿ ನಾಡು, ನಾಡುಗಳು ಕೂಡಿ ತಾಲ್ಲೂಕು ಎಂಬ ಏರ್ಪಾಡಿನ ತಳದಲ್ಲಿದ್ದದ್ದು ಗದ್ದೆ. ಕಣಿವೆಯ ಗದ್ದೆಯೊಂದಿಗೆ ಅದರ ಮೇಲಣ ಕಾಡಿನ ಇಳಿಜಾರು ಬಾಣೆಯಾಗಿ ಸೇರಿಕೊಂಡಿರುತ್ತಿತ್ತು. ಗೊಬ್ಬರದ ಸೊಪ್ಪು, ಒಲೆಯ ಸೌದೆ, ದನಗಳ ಮೇವು ಇವುಗಳಿಗಾಗಿ ಬಾಣೆ. ಅದಕ್ಕೆ ಬೇರೆ ಕಂದಾಯವಿಲ್ಲ. ಗದ್ದೆ ಉಳಿಯಬೇಕಾದರೆ ಇಳಿಜಾರು ಉಳಿಯಬೇಕೆಂಬ ತಿಳಿವಳಿಕೆ ದಫ್ತರದೊಳಗೇ ಇತ್ತು. ಈ ಕ್ರಮವನ್ನು ಸ್ವರ್ಗವೆಂದು ನಾನು ಹೊಗಳಲಾರೆ. ಕೆಸರಿನಲ್ಲಿ ದುಡಿದ ಯರವರಿಗೆ ಆ ಹಿಡುವಳಿಯಲ್ಲಿ ಪಾಲಿರಲಿಲ್ಲ.

ಕಾಫಿ ಬಂತು, ಬಾಣೆ ತೋಟವಾಯಿತು. ಕಾಫಿಗೆ ನೆರಳು ಬೇಕಾದುದರಿಂದ ಮರಗಳಲ್ಲಿ ಕೆಲವಾದರೂ ನಿಂತುವು. ಆಮೇಲೆ ರಸ್ತೆ, ವಸತಿಗೃಹ, ಮನೆಯ ನಿವೇಶನಗಳಿಗಾಗಿ ಇಳಿಜಾರನ್ನೇ ಕಡಿದು ಸಮತಟ್ಟು ಮಾಡುವ ಕಾಲ ಬಂತು. 2018ರ ಆಗಸ್ಟಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಗಳಲ್ಲಿ ಬೆಟ್ಟಗಳು ಜರಿದುವು. ಮನೆಗಳೂ ತೋಟಗಳೂ ಮನುಷ್ಯರೂ ಮಣ್ಣಿನಡಿ ಸೇರಿದರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಮನೆಯನ್ನು ನುಂಗಿತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಬುಡ ಕಡಿದ ಇಳಿಜಾರು ಅಂಥ ಮಳೆಯನ್ನು ಹೇಗೆ ತಾಳೀತು?

ರಾಜಧಾನಿ ಮಡಿಕೇರಿಯಲ್ಲೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. 24 ಮಂದಿ ಶಾಸಕರೂ ಮಳೆಯನ್ನು ತಡೆಯಲಾರರು. ಕನ್ನಡಿಗರೆಲ್ಲ ಒಂದು ರಾಜ್ಯದಲ್ಲಿ ಕೂಡಿದ್ದೂ ಸಣ್ಣ ಲಾಭವಲ್ಲ. ನನ್ನ ಅಳಲು ಬೇರೆ. ಈಚೆಗೆ ಕೊಡಗಿನ ಮೂರು ತಾಲ್ಲೂಕುಗಳು ಐದಾದುವು, ಕಚೇರಿಗಳು ಹೆಚ್ಚಿದುವು. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಯಾವ ಒರತೆ ಎಲ್ಲಿ ಹುಟ್ಟುವುದು, ಯಾವ ಗುಡ್ಡದ ಮಣ್ಣು ಸಡಿಲವೆಂಬುದನ್ನು ಬಲ್ಲವರು ಹಳ್ಳಿಯವರು. ಅವರ ಮಾತು ದಫ್ತರವನ್ನು ಸೇರುವ ದಾರಿಯೇ ಸವೆದುಹೋದರೆ ತಾಲ್ಲೂಕುಗಳ ಸಂಖ್ಯೆಯಿಂದ ಏನು ಫಲ?

ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಇದು: ರಾಜಧಾನಿ ಹೋದದ್ದು ದೊಡ್ಡ ನಷ್ಟವಲ್ಲ, ಗದ್ದೆಯನ್ನೂ ಬಾಣೆಯನ್ನೂ ಒಟ್ಟಿಗೆ ಕಾಣುವ ಕಣ್ಣು ಹೋದದ್ದೇ ನಷ್ಟ. ಆ ಕಣ್ಣನ್ನು ಯಾವ ಜಿಲ್ಲೆಯಾದರೂ ಮತ್ತೆ ಪಡೆಯಬಹುದು.