ಟಿಸಿಯೊಳಗೆ ಗುಂಯ್‌ಗುಡುವ ಸೂರ್ಯ

ಕೊಡಿಗೇನಹಳ್ಳಿಯಿಂದ ಪಡುವಣಕ್ಕೆ ಹೋದರೆ ಮಧುಗಿರಿಯ ಏಕಶಿಲಾ ಬೆಟ್ಟ. ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ ಎದ್ದು ನಿಂತ ಒಂದೇ ಕಲ್ಲು! ಗಾಳಿ, ಗದ್ದಲ ಎರಡೂ ಇಲ್ಲದ ಮುಂಜಾನೆ ಅದರ ಬೋಳು ಗೋಡೆಯಿಂದ 170 ಮೀಟರ್ ಹಿಂದೆ ಸರಿದು ಒಂದು ಚಪ್ಪಾಳೆ ತಟ್ಟಿ. ಹೋಗುವಾಗ 170, ಬರುವಾಗ 170, ಸರಿಯಾಗಿ ಒಂದು ಸೆಕೆಂಡಿಗೆ ಕಲ್ಲು ನಿಮ್ಮ ಚಪ್ಪಾಳೆಯನ್ನು ನಿಮಗೇ ಮರಳಿಸುತ್ತದೆ.

ಆದರೆ ನಿಮ್ಮ ಅಂಗೈಯ ಗಾಳಿ ಬಂಡೆಯವರೆಗೆ ಹೋಗಿಯೇ ಇಲ್ಲ! ತಾರಸಿ ಹಾಕುವ ದಿನ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಬಾಂಡ್ಲಿ ದಾಟಿಸುತ್ತಾರಲ್ಲ, ಹಾಗೆ. ಗಾಳಿಯ ಒಂದೊಂದು ಕಣವೂ ಪಕ್ಕದ ಕಣವನ್ನು ತಳ್ಳಿ, ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಆಳುಗಳು ನಿಂತಲ್ಲೇ ಇರುತ್ತಾರೆ, ಸಾಗುವುದು ಬಾಂಡ್ಲಿ ಮಾತ್ರ. ಒಂಬತ್ತನೇ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಸಂಪೀಡನ, ವಿರಳನ ಅಂದರೆ ಇಷ್ಟೇ.

ಸಾಲಿನಲ್ಲಿ ಆಳುಗಳೇ ಇಲ್ಲದಿದ್ದರೆ? ಬಾಂಡ್ಲಿ ನಿಂತಿತು. ನಮಗೂ ಸೂರ್ಯನಿಗೂ ನಡುವೆ ಇರುವ 15 ಕೋಟಿ ಕಿಲೋಮೀಟರ್ ಹಾಗೆಯೇ ಬಟಾಬಯಲು. ಅಲ್ಲಿಂದ ಬೆಳಕು 8 ನಿಮಿಷ 20 ಸೆಕೆಂಡಿನಲ್ಲಿ ಬಂದು ನೆತ್ತಿ ಸುಡುತ್ತದೆ, ಸದ್ದು ಮಾತ್ರ ಬರುವುದೇ ಇಲ್ಲ. ದಾರಿಯುದ್ದಕ್ಕೂ ನಮ್ಮೂರಿನಂಥ ಗಾಳಿ ತುಂಬಿದ್ದರೂ ಅಲ್ಲಿನ ಸದ್ದು ಇಲ್ಲಿಗೆ ಮುಟ್ಟಲು ಎಷ್ಟು ಕಾಲ ಬೇಕು? ಕಾಗದ ತೆಗೆದು ಲೆಕ್ಕ ಹಾಕಿದೆ. ಹದಿನಾಲ್ಕು ವರ್ಷ! ರಾಮನ ವನವಾಸದಷ್ಟು!

ಸೂರ್ಯ ಮೂಕ ಎಂದೇ ನಾನೂ ನಂಬಿದ್ದೆ, ಪಾವಗಡದ ಸೋಲಾರ್ ಪಾರ್ಕಿನ ಬಗ್ಗೆ ಓದಲು ಕೂರುವವರೆಗೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಊರುಗಳ ಸುಮಾರು 13,000 ಎಕರೆ. ಕಡ್ಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ನೆಲ. ರೈತರು ಅದನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ನೆಲ ಅವರ ಹೆಸರಿನಲ್ಲೇ ಉಳಿದದ್ದು ನನಗೆ ಬಹಳ ದೊಡ್ಡ ಸಂಗತಿ. 2018ರಲ್ಲಿ ಕರೆಂಟು ಹರಿಯತೊಡಗಿತು, 2019ರ ಕೊನೆಗೆ ಪಾರ್ಕು ತನ್ನ 2,050 ಮೆಗಾವ್ಯಾಟ್ ಪೂರ್ತಿ ಸಾಮರ್ಥ್ಯ ಮುಟ್ಟಿತು.

ಪ್ಯಾನಲ್ಲಿಗೆ ದನಿಯಿಲ್ಲ. ಬಿಸಿಲು ಬಿದ್ದಾಗ ಅದರೊಳಗೆ ಹುಟ್ಟುವ ಕರೆಂಟು ಒಂದೇ ದಿಕ್ಕಿಗೆ ತೆಪ್ಪಗೆ ಹರಿಯುತ್ತದೆ. ಇನ್ವರ್ಟರ್ ಅದನ್ನು ಹಿಡಿದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡಿಸುತ್ತದೆ. ಅಲ್ಲಿಂದ ಮುಂದೆ ಟ್ರಾನ್ಸ್‌ಫಾರ್ಮರ್, ನಮ್ಮ ಕಡೆಯವರ ಬಾಯಲ್ಲಿ ಟಿಸಿ. ಅದರ ಹೊಟ್ಟೆಯೊಳಗಿನ ಕಬ್ಬಿಣದ ಹಾಳೆಗಳು ಕಾಂತದ ಎಳೆತಕ್ಕೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತವೆ, ಕುಗ್ಗುತ್ತವೆ. ಕರೆಂಟು ಅತ್ತ ಹೋದಾಗೊಮ್ಮೆ, ಇತ್ತ ಬಂದಾಗೊಮ್ಮೆ, ಸೆಕೆಂಡಿಗೆ 100 ಸಲ. ಹಾಳೆ ಗಾಳಿಯನ್ನು ತಳ್ಳುತ್ತದೆ, ಗಾಳಿ ನಮ್ಮ ಕಿವಿಯನ್ನು. ಗುಂಯ್!

ಆ ಸದ್ದು ಸೂರ್ಯನದೇ! ಶೂನ್ಯವನ್ನು ದಾಟಲಾರದ ದನಿ ಬೆಳಕಿನ ವೇಷದಲ್ಲಿ ಬಂದು, ತಂತಿಯಲ್ಲಿ ಹರಿದು, ಕಬ್ಬಿಣದ ಗಂಟಲಿನಿಂದ ಹೊರಡುತ್ತಿದೆ. 100 ಹರ್ಟ್ಸ್, ಒಂದೊಂದು ಅಲೆಯೂ 3.4 ಮೀಟರ್ ಉದ್ದ.

ಆ ಸಂಜೆ ನಮ್ಮ ಬೀದಿಯ ಟಿಸಿಯ ಬೇಲಿಯಾಚೆ ನಿಂತು ಕಿವಿಗೊಟ್ಟೆ. ಗ್ರಿಡ್ಡಿನಲ್ಲಿ ಎಲ್ಲ ಕಡೆಯ ಕರೆಂಟೂ ಬೆರೆತಿರುತ್ತದೆ, ಇದು ಪಾವಗಡದ್ದೇ ಎಂದು ಹೇಳುವುದು ಹೇಗೆ? ಹೇಳಬೇಕಾಗಿಯೇ ಇಲ್ಲ! ಶರಾವತಿಯ ನೀರನ್ನು ಕಡಲಿನಿಂದ ಎತ್ತಿ ಮಲೆನಾಡಿಗೆ ಸುರಿದವನು ಸೂರ್ಯ. ಚಿತ್ರದುರ್ಗದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯನ್ನು ಎಬ್ಬಿಸುವವನೂ ಅವನೇ. ಕೈಗಾದ ಯುರೇನಿಯಂ ಒಂದನ್ನು ಬಿಟ್ಟರೆ ನಮ್ಮ ತಂತಿಗಳಲ್ಲಿ ಓಡುವುದೆಲ್ಲ ಹೆಚ್ಚುಕಡಿಮೆ ಬಿಸಿಲೇ.

ಸದ್ದಿನಲ್ಲಿರುವ ಶಕ್ತಿಯಾದರೋ ಎಷ್ಟು ಅಲ್ಪ! ಸಾಧಾರಣ ಮಾತಿನ ದನಿ ಒಂದು ವ್ಯಾಟಿನ ಲಕ್ಷದ ಒಂದು ಪಾಲು. 10 ವ್ಯಾಟಿನ ಬಲ್ಬೊಂದಕ್ಕೆ ಸಾಟಿಯಾಗಲು 10 ಲಕ್ಷ ಜನ ಒಟ್ಟಿಗೆ ಮಾತಾಡಬೇಕು. ಅಷ್ಟು ಸಣ್ಣದನ್ನೂ ನಮ್ಮ ಕಿವಿ ಹಿಡಿಯುತ್ತದೆ.

ರಾತ್ರಿ ಹನ್ನೊಂದಕ್ಕೆ ಮತ್ತೆ ಹೋದೆ. ಬಿಸಿಲಿಲ್ಲ, ಪಾವಗಡದ ಪ್ಯಾನಲ್ಲುಗಳೆಲ್ಲ ಮಲಗಿದ ಹೊತ್ತು. ಟಿಸಿ ಮಾತ್ರ ಗುಂಯ್‌ಗುಡುತ್ತಲೇ ಇತ್ತು. ರಾಯಚೂರಿನ ಒಲೆಗಳಲ್ಲಿ ಉರಿಯುವ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಕಾಡು. ಆ ಕಾಡಿನ ಎಲೆಗಳ ಮೇಲೆ ಬಿದ್ದ ಬಿಸಿಲು ನನ್ನ ಕಿವಿಗೆ ಈಗ ಬಂದು ಮುಟ್ಟುತ್ತಿತ್ತು.