ಗೆಳೆಯನ ಕಿಟಕಿಯ ದೀಪ

ಹಬ್ಬದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಹಿರಿಯರ ಮಾತು. ಆದರೆ ಹಬ್ಬವು ನಮ್ಮದಲ್ಲದಾಗ ಕೈಯಲ್ಲಿ ಏನಿರಬೇಕು? ಓದಿಗೋ ಉದ್ಯೋಗಕ್ಕೋ ಅಮೆರಿಕೆಯಲ್ಲಿ ನೆಲೆಸಿರುವ ಕನ್ನಡಿಗನೊಬ್ಬನನ್ನು ಯೆಹೂದ್ಯ ಗೆಳೆಯನು ಹನುಕ್ಕಾ ಹಬ್ಬಕ್ಕೆ ಕರೆದನೆನ್ನೋಣ. ದೀಪದ ಹಬ್ಬವೆಂದು ಕೇಳಿದೊಡನೆ ಊರಿನಿಂದ ತಂದ ಗಜಲಕ್ಷ್ಮಿಯ ಹಿತ್ತಾಳೆ ದೀಪವನ್ನು ಅವನು ಕೈಗೆತ್ತಿಕೊಂಡರೆ ಆಶ್ಚರ್ಯವಿಲ್ಲ. ಮನಸ್ಸು ಶುದ್ಧವೇ, ಕಾಣಿಕೆ ಮಾತ್ರ ಸಲ್ಲದು. ಏಕೆಂಬುದನ್ನು ಹಬ್ಬದ ಕಥೆಯೇ ಹೇಳುತ್ತದೆ.

ಕ್ರಿ. ಪೂ. 2ನೆಯ ಶತಮಾನದಲ್ಲಿ ಯೆಹೂದ್ಯರ ನಾಡನ್ನು ಆಳುತ್ತಿದ್ದ ಗ್ರೀಕ್ ಅರಸ 4ನೆಯ ಆಂಟಿಯೋಕಸನು ಅವರ ಧರ್ಮಾಚರಣೆಯನ್ನು ನಿಷೇಧಿಸಿ, ಜೆರೂಸಲೇಮಿನ ದೇವಾಲಯದಲ್ಲಿ ಅನ್ಯದೇವತೆಯ ಪೂಜೆಯನ್ನು ಹೂಡಿಸಿದನು. ಯೂದ ಮಕ್ಕಬಿಯೂ ಅವನ ಸೋದರರೂ ಬಂಡೆದ್ದು, ಕ್ರಿ. ಪೂ. 164ರಲ್ಲಿ ಆಲಯವನ್ನು ಶುಚಿಗೊಳಿಸಿ ಮರಳಿ ದೇವರಿಗೆ ಅರ್ಪಿಸಿದರು. ಹನುಕ್ಕಾ ಎಂದರೆ ಸಮರ್ಪಣೆ. ಒಂದು ದಿನಕ್ಕಷ್ಟೇ ಸಾಲುವ ಎಣ್ಣೆ ಎಂಟು ದಿನ ಉರಿಯಿತೆಂದು ತಾಲ್ಮುದ್ ಗ್ರಂಥವು ಹೇಳುತ್ತದೆ. ವಿಗ್ರಹವನ್ನು ಹೊರಗಿಟ್ಟ ನೆನಪಿನ ಹಬ್ಬಕ್ಕೆ ವಿಗ್ರಹವುಳ್ಳ ದೀಪವನ್ನು ಒಯ್ಯುವುದು ಹೇಗೆ?

ಮೊದಲನೆಯ ಇರುಳು ಒಂದು, ಎರಡನೆಯ ಇರುಳು ಎರಡು, ಹೀಗೆ ಎಂಟರವರೆಗೆ ದೀಪಗಳು ಏರುತ್ತವೆ. ಎಂಟರಿಂದ ಇಳಿಸುತ್ತ ಬರಬೇಕೆಂದು ಶಮ್ಮಾಯಿಯ ಪಂಥದವರು ವಾದಿಸಿದ್ದರು. ಪವಿತ್ರವಾದುದು ಏರಬೇಕಲ್ಲದೆ ಇಳಿಯಬಾರದೆಂಬ ಹಿಲ್ಲೇಲನ ಪಂಥದ ಮಾತೇ ನಿಂತಿತು. ಈ ಬೆಳಕಿನಲ್ಲಿ ಓದುವಂತಿಲ್ಲ, ಕೆಲಸ ಮಾಡುವಂತಿಲ್ಲ. ಅದು ನೋಡುವುದಕ್ಕಾಗಿಯೇ ಇರುವ ಬೆಳಕು. ಉಳಿದವನ್ನು ಹಚ್ಚಲು ಷಮಾಷ್, ಎಂದರೆ ಸೇವಕ, ಎಂಬ ಒಂಬತ್ತನೆಯ ದೀಪವುಂಟು. ಎಂಟು ಇರುಳಿಗೆ ಬೇಕಾಗುವ ಮೇಣದ ಬತ್ತಿಗಳು ಒಟ್ಟು 44.

ಹಬ್ಬದ ನಿಜವಾದ ಅಲಂಕಾರ ಈ ದೀಪವೇ. ಪವಾಡವು ಲೋಕಕ್ಕೆ ತಿಳಿಯಲೆಂದು ಅದನ್ನು ಬಾಗಿಲಲ್ಲೋ ಕಿಟಕಿಯಲ್ಲೋ ಇಡುತ್ತಾರೆ. ಅಪಾಯದ ಕಾಲದಲ್ಲಿ ಮನೆಯೊಳಗಿನ ಮೇಜಿನ ಮೇಲಿಟ್ಟರೆ ಸಾಕೆಂದು ಶಾಸ್ತ್ರವೇ ಸಮ್ಮತಿಸಿದೆ. ಆ ಒಂದು ವಾಕ್ಯದಲ್ಲಿ ಅವರ ಇತಿಹಾಸವೆಲ್ಲ ಅಡಗಿದೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಮೊಂಟಾನಾ ಸಂಸ್ಥಾನದ ಬಿಲ್ಲಿಂಗ್ಸ್ ಪಟ್ಟಣದಲ್ಲಿ, ಹನುಕ್ಕಾ ಅಲಂಕಾರವಿದ್ದ ಮಗುವೊಂದರ ಕೋಣೆಯ ಕಿಟಕಿಗೆ ಯಾರೋ ಕಲ್ಲೆಸೆದರು. ಊರಿನ ಪತ್ರಿಕೆಯು ಪುಟದ ತುಂಬ ದೀಪದ ಚಿತ್ರವನ್ನು ಅಚ್ಚುಹಾಕಿತು. ಯೆಹೂದ್ಯರಲ್ಲದ ಸಾವಿರಾರು ಮನೆಗಳವರು ಅದನ್ನು ತಮ್ಮ ಕಿಟಕಿಗಳಿಗೆ ಅಂಟಿಸಿದರು. ಯಾವ ಮನೆ ಯಾರದೆಂದು ಕಲ್ಲೆಸೆಯುವವನಿಗೆ ತಿಳಿಯದಂತಾಯಿತು. ಗೆಳೆಯರಿಗೆ ಕೊಡಬಹುದಾದ ಕಾಣಿಕೆ ಇದಕ್ಕಿಂತ ದೊಡ್ಡದುಂಟೆ?

ನಮ್ಮ ಕನ್ನಡಿಗನು ಅಷ್ಟು ದೂರ ಹೋಗಬೇಕಾಗಿಲ್ಲ. ಹಳೆಯ ವಾಡಿಕೆಯಂತೆ ಮಕ್ಕಳಿಗೆ ಕೊಡುತ್ತಿದ್ದುದು ಚಿಲ್ಲರೆ ಕಾಸು. ದುಬಾರಿ ಉಡುಗೊರೆಗಳು ಬಂದುದು ಬಹುಮಟ್ಟಿಗೆ 20ನೆಯ ಶತಮಾನದ ಅಮೆರಿಕದಲ್ಲಿ, ನೆರೆಯ ಕ್ರಿಸ್‌ಮಸ್ಸಿನ ಸಂಗದಿಂದ. ಆದುದರಿಂದ ಮಕ್ಕಳಿಗೆ ನಾಲ್ಕು ಮುಖದ ಬುಗುರಿ ಡ್ರೇಡಲ್ ಒಪ್ಪುತ್ತದೆ. ‘ಅಲ್ಲಿ ಮಹಾ ಪವಾಡವಾಯಿತು’ ಎಂಬ ಹೀಬ್ರೂ ಮಾತಿನ ಮೊದಲಕ್ಷರಗಳು ಅದರ ಮೇಲಿರುತ್ತವೆ. ತಿಂಡಿಯನ್ನು ಒಯ್ಯುವುದಾದರೆ ಅವರ ಆಹಾರನಿಯಮವನ್ನು ಮೊದಲು ಕೇಳಬೇಕು. ಹೆಚ್ಚದ ತಾಜಾ ಹಣ್ಣಿಗೆ ತೊಡಕು ಕಡಮೆ. ಗೆಳೆಯನು ಎಣ್ಣೆಯ ದೀಪ ಹಚ್ಚುವವನಾದರೆ ಆಲಿವ್ ಎಣ್ಣೆಯೊಡನೆ ಹೊಸ ಹತ್ತಿಯಿಂದ ಹೊಸೆದ ಬತ್ತಿಗಳನ್ನು ಕೊಡಬಹುದು. ಬತ್ತಿ ಹೊಸೆಯುವುದನ್ನು ಅಜ್ಜಿಯಿಂದ ಕಲಿತವನಿಗೆ ಅದೇನು ಕಷ್ಟ?

ಗಜಲಕ್ಷ್ಮಿಯ ದೀಪವು ಅವನ ಮನೆಯಲ್ಲಿಯೇ ಬೆಳಗುತ್ತಿರಲಿ. ದೀಪಾವಳಿಗೆ ಗೆಳೆಯನು ಬಂದಾಗ ಅದನ್ನು ಕಂಡು ಅದರ ಕಥೆಯನ್ನು ಕೇಳುವನು. ಅವರವರ ದೀಪ ಅವರವರ ಮನೆಯಲ್ಲಿ ಉರಿದರೂ, ಬೀದಿಗೆ ಬೀಳುವ ಬೆಳಕು ಇಬ್ಬರದೂ ಹೌದು.