ಬೆಳಕಿನ ಹದದಲ್ಲಿ ನೀರೊಳಗಿನ ತೋಟ

ಒಂದೇ ಕಾಂಡದಿಂದ ಕತ್ತರಿಸಿದ ರೊಟಾಲಾ ಗಿಡದ ಎರಡು ತುಂಡುಗಳನ್ನು ಎರಡು ಗಾಜಿನ ತೊಟ್ಟಿಗಳಲ್ಲಿ ನೆಟ್ಟು, ಒಂದಕ್ಕೆ ಮಂದ ಬೆಳಕು, ಇನ್ನೊಂದಕ್ಕೆ ಪ್ರಖರ ಬೆಳಕು ಕೊಟ್ಟು ನೋಡಿ. ಕೆಲವೇ ವಾರಗಳಲ್ಲಿ ಅವು ಬೇರೆ ಬೇರೆ ಜಾತಿಯವೇ ಎನ್ನುವಷ್ಟು ಬದಲಾಗಿರುತ್ತವೆ. ಮಂದ ಬೆಳಕಿನದು ಗೆಣ್ಣಿಗೂ ಗೆಣ್ಣಿಗೂ ಅಂತರ ಬಿಟ್ಟುಕೊಂಡು, ಬಡಕಲಾಗಿ ನೀರಿನ ಮೇಲ್ಮೈಯತ್ತ ಚಾಚುತ್ತದೆ. ಬುಡದ ಎಲೆ ಉದುರಿ ಕಾಂಡ ಬೋಳಾಗುತ್ತದೆ. ಪ್ರಖರ ಬೆಳಕಿನದು ಗೆಣ್ಣುಗಳನ್ನು ಒತ್ತೊತ್ತಾಗಿ ಇಟ್ಟುಕೊಂಡು, ಪಕ್ಕಕ್ಕೆ ಕವಲೊಡೆದು ಪೊದೆ ಕಟ್ಟುತ್ತದೆ. ಅದರ ತುದಿ ಎಲೆಗಳಿಗೆ ಕೆಂಪು ಏರಿರುತ್ತದೆ. ಕತ್ತರಿ ಮುಟ್ಟುವ ಮೊದಲೇ ಗಿಡದ ಆಕಾರ ಅರ್ಧ ನಿರ್ಧಾರವಾಗಿಬಿಟ್ಟಿರುತ್ತದೆ.

ಗಿಡಗಳ ಅಕ್ವೇರಿಯಂ ಬೆಳೆಸುವವರ ಕಸುಬುಗಾರಿಕೆ ಇರುವುದು ಇಲ್ಲೇ. ನೆದರ್ಲೆಂಡ್ಸ್‌ನ ಹವ್ಯಾಸಿಗಳು ಗಿಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸಾಲುಗಟ್ಟಿಸಿ ಇದನ್ನೊಂದು ಶಿಸ್ತಾಗಿ ಬೆಳೆಸಿದರು. ಅದಕ್ಕೆ ಇನ್ನೊಂದು ದಾರಿ ತೋರಿಸಿದವರು ಜಪಾನಿನ ನಿಗಾಟಾದ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿದ ಅವರು ಮೊದಲು ಸೈಕಲ್ ಪಂದ್ಯದ ಸ್ಪರ್ಧಿ, ಆಮೇಲೆ ಕಾಡುಗಳ ಛಾಯಾಗ್ರಾಹಕ. 1982ರಲ್ಲಿ ತಮ್ಮದೇ ಅಕ್ವೇರಿಯಂ ಸಂಸ್ಥೆ ಕಟ್ಟಿದರು. ಮುಚ್ಚಳವಿಲ್ಲದ ತೊಟ್ಟಿಯ ಮೇಲೆ ಪ್ರಖರ ದೀಪ ತೂಗುಹಾಕಿ, ನೀರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ, ಬೆಟ್ಟ ಬಯಲುಗಳ ನೋಟವನ್ನು ಗಾಜಿನೊಳಗೆ ಮೂಡಿಸಿದರು. 2015ರಲ್ಲಿ, ತಾವು ತೀರಿಕೊಂಡ ವರ್ಷವೇ, ಲಿಸ್ಬನ್ನಿನ ಸಾಗರ ಅಕ್ವೇರಿಯಂನಲ್ಲಿ 40 ಮೀಟರ್ ಉದ್ದದ ನೀರೊಳಗಿನ ಕಾಡನ್ನು ಅವರು ರೂಪಿಸಿದ್ದರು.

ಅಮಾನೊ ಜನಪ್ರಿಯಗೊಳಿಸಿದ ಗ್ಲಾಸೋಸ್ಟಿಗ್ಮಾ ಎಂಬ ಪುಟ್ಟ ಗಿಡವನ್ನು ಹತ್ತಿರದಿಂದ ನೋಡಿದರೆ ಬೆಳಕಿನ ಕೆಲಸ ಅರ್ಥವಾಗುತ್ತದೆ. ಬೆಳಕು ಧಾರಾಳವಾಗಿದ್ದರೆ ಅದು ಮಣ್ಣಿಗೆ ಅಂಟಿಕೊಂಡೇ ಹಬ್ಬುತ್ತದೆ. ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟು, ಜೋಡಿ ಎಲೆ ಬಿಚ್ಚಿ ನೆಲವನ್ನೆಲ್ಲ ಹಸಿರು ಹಾಸು ಮಾಡುತ್ತದೆ. ಬೆಳಕು ಕಡಿಮೆಯಾದರೆ ಅದೇ ಗಿಡ ತಲೆಯೆತ್ತಿ ನಿಲ್ಲುತ್ತದೆ, ಹಾಸು ಕೆದರುತ್ತದೆ. ನೆರಳಿನಲ್ಲಿರುವ ಗಿಡ ತನ್ನ ಶಕ್ತಿಯನ್ನು ಕಾಂಡ ಉದ್ದ ಮಾಡುವುದಕ್ಕೆ ಸುರಿಯುತ್ತದೆ, ಏಕೆಂದರೆ ಬೆಳಕನ್ನು ತಲುಪುವುದೇ ಅದರ ಮೊದಲ ಅಗತ್ಯ. ತಲುಪಿದ ಮೇಲೆ ಆ ಓಟ ಬೇಕಿಲ್ಲ.

ಕೆಂಪು ಬಣ್ಣದ ಲೆಕ್ಕ ಬೇರೆ. ಹೆಚ್ಚಿನ ಬೆಳಕಿನಿಂದ ಎಲೆಗೆ ಹಾನಿಯಾಗದಂತೆ ಗಿಡ ಆಂಥೋಸಯನಿನ್ ಎಂಬ ವರ್ಣದ್ರವ್ಯ ತಯಾರಿಸಿಕೊಳ್ಳುತ್ತದೆ. ನೀರಿನಲ್ಲಿ ನೈಟ್ರೇಟ್ ಸ್ವಲ್ಪ ತಗ್ಗಿದಾಗ ಅನೇಕ ರೊಟಾಲಾಗಳ ಕೆಂಪು ಇನ್ನೂ ಗಾಢವಾಗುತ್ತದೆ. ಜಗತ್ತಿನ ತೊಟ್ಟಿಗಳಲ್ಲಿ ಮೆರೆಯುವ ಕಡುಗೆಂಪು ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಅದು ಹಟದ ಗಿಡ. ಮಂದ ಬೆಳಕಿನಲ್ಲಿ ಸೊರಗಿಬಿಡುತ್ತದೆ.

ಹಾಗಾದರೆ ದೊಡ್ಡ ದೀಪ ತಂದು ಹಾಕಿದರಾಯಿತೇ? ಹೆಚ್ಚಿನ ತೊಟ್ಟಿಗಳು ಕೆಡುವುದೇ ಅಲ್ಲಿ. ಬೆಳಕು ಹೆಚ್ಚಿದಷ್ಟೂ ಗಿಡ ಇಂಗಾಲವನ್ನೂ ಪೋಷಕಾಂಶಗಳನ್ನೂ ಹೆಚ್ಚು ಕೇಳುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅದು ಎಲೆಗೆ ಸಿಗದೆ ಬೆಳಕನ್ನಷ್ಟೇ ಏರಿಸುವುದು ಎಂದರೆ ಪಾತ್ರೆಗೆ ನೀರು ಹಾಕದೆ ಒಲೆಯ ಉರಿ ಹೆಚ್ಚಿಸಿದ ಹಾಗೆ. ಗಿಡ ನಿಂತಲ್ಲೇ ನಿಲ್ಲುತ್ತದೆ, ಗಾಜಿಗೂ ಎಲೆಗೂ ಪಾಚಿ ಹತ್ತುತ್ತದೆ. ಅದಕ್ಕೆಂದು ಅನಿಲವನ್ನು ಮಿತಿಮೀರಿ ಬಿಟ್ಟರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಗಿಡದ ಚೆಂದಕ್ಕಾಗಿ ಮೀನು ನರಳಬಾರದು.

ಅನುಭವಿಗಳು ವಾಟ್ ನೋಡುವುದಿಲ್ಲ, ಎಲೆಯ ಮಟ್ಟಕ್ಕೆ ಎಷ್ಟು ಬೆಳಕು ಮುಟ್ಟುತ್ತದೆ ಎಂದು ನೋಡುತ್ತಾರೆ. ಸೆಕೆಂಡಿಗೆ ಒಂದು ಚದರ ಮೀಟರ್ ಮೇಲೆ ಬೀಳುವ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಮೈಕ್ರೋಮೋಲ್‌ಗಳಲ್ಲಿ ಅಳೆಯುತ್ತಾರೆ. ಅನುಬಿಯಾಸ್, ಜಾವಾ ಫರ್ನ್‌ನಂಥವಕ್ಕೆ 30ರ ಆಸುಪಾಸು ಸಾಕು. ನೆಲಹಾಸಿನ ಗಿಡಗಳೂ ಕೆಂಪು ಗಿಡಗಳೂ 50ಕ್ಕಿಂತ ಹೆಚ್ಚು ಬಯಸುತ್ತವೆ. ನಡು ಮಧ್ಯಾಹ್ನದ ಬಿಸಿಲು 2,000ದ ಹತ್ತಿರ ಇರುತ್ತದೆ ಎಂದರೆ ಇವೆಲ್ಲ ಎಷ್ಟು ಮೆದು ಬೆಳಕು ಎಂದು ತಿಳಿಯುತ್ತದೆ.

ಬೆಳಕು ಇಳಿಸುವ ಉಪಾಯಗಳು ಸರಳ: ಎಲ್ಇಡಿಯ ಡಿಮ್ಮರ್ ತಗ್ಗಿಸುವುದು, ದೀಪವನ್ನು ಒಂದಿಷ್ಟು ಮೇಲಕ್ಕೆ ತೂಗುಹಾಕುವುದು, ತೇಲುವ ಗಿಡ ಬಿಡುವುದು. ನಿಧಾನ ಬೆಳೆಯುವ ಅನುಬಿಯಾಸ್‌ನ ಎಲೆಗಳ ಮೇಲೆ ಹಸಿರು ಚುಕ್ಕೆ ಪಾಚಿ ಬೇಗ ಕೂರುವುದರಿಂದ ಅದನ್ನು ಮರದ ತುಂಡಿನ ನೆರಳಿಗೆ ಸರಿಸುತ್ತಾರೆ. ಒಂದೇ ತೊಟ್ಟಿಯೊಳಗೆ ಬಿಸಿಲೂ ನೆರಳೂ ಇರುವಂತೆ ಯೋಜಿಸುವವನೇ ನನ್ನ ಕಣ್ಣಿಗೆ ನಿಜವಾದ ತೋಟಗಾರ. ಗಂಟೆ ಹೆಚ್ಚಿಸಿ ತೀವ್ರತೆಯ ಕೊರತೆ ತುಂಬಲು ಹೋಗಬಾರದು: ಹನ್ನೆರಡು ಗಂಟೆ ಮಂದ ದೀಪ ಉರಿಸಿದರೂ ಉದ್ದುದ್ದ ಗಿಡ ಗಿಡ್ಡ ಪೊದೆಯಾಗುವುದಿಲ್ಲ. ದಿನಕ್ಕೆ 6ರಿಂದ 8 ಗಂಟೆ ಸಾಕು.

ಹೊಸ ತೊಟ್ಟಿಯಲ್ಲಿ ಗಿಡ ಬೇರು ಹಿಡಿಯುವವರೆಗೆ ಬೆಳಕು ಕಡಿಮೆಯೇ ಇರಲಿ, ಆಮೇಲೆ ಮೆಲ್ಲಗೆ ಏರಿಸಿ. ಪ್ರತಿ ಬದಲಾವಣೆಗೂ ಎರಡು ಮೂರು ವಾರ ಕಾಯಬೇಕು. ಹಳೆಯ ಎಲೆಗಳ ಆಕಾರ ಬದಲಾಗದು. ಉತ್ತರ ಸಿಗುವುದು ಹೊಸದಾಗಿ ಮೂಡಿದ ಎರಡು ಗೆಣ್ಣುಗಳ ನಡುವಿನ ಅಂತರದಲ್ಲಿ.